ಗೊಬ್ಬರವಾಗಿ ಹಡಗೇರಿದ ನೆಲ: ನೌರು ದೇಶದ ಪ್ರಕರಣ

ನೌರು ಬಗ್ಗೆ ಎಲ್ಲಿ ಓದಿದರೂ ಸಾಮಾನ್ಯವಾಗಿ ಸಿಗುವುದು ಒಂದೇ ಕಥೆ. ಪೆಸಿಫಿಕ್ ಸಾಗರದ ನಡುವೆ ಒಂದು ಪುಟ್ಟ ದ್ವೀಪ. ಅಲ್ಲಿ ಗೊಬ್ಬರದ ಕಲ್ಲು ಸಿಕ್ಕಿತು, ದುಡ್ಡು ಸುರಿಯಿತು, ಜನ ಕೂತು ತಿಂದರು, ದೇಶ ದಿವಾಳಿಯಾಯಿತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಗೆ ಹೇಳಿ ಮಾಡಿಸಿದ ಉದಾಹರಣೆ ಅಲ್ವಾ ಅನ್ನಿಸುತ್ತದೆ.

ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ ಇದು ಕೊನೆಯ ಅರ್ಧ ಮಾತ್ರ. ಆ ಕುಡಿಕೆಯಿಂದ ಮೊದಲ ಅರವತ್ತು ವರ್ಷ ಉಂಡವರು ನೌರು ಜನ ಅಲ್ಲವೇ ಅಲ್ಲ. ಉಂಡವರ ಲೆಕ್ಕದ ಪುಸ್ತಕವನ್ನು ನೋಡುವ ಅಧಿಕಾರವೂ ಅವರಿಗೆ ಇರಲಿಲ್ಲ. ಆಮೇಲೆ ಪುಸ್ತಕ ಅವರ ಕೈಗೆ ಬಂತು. ಆಗಲೂ ಅದನ್ನು ತೆರೆದು ಎಲ್ಲರಿಗೂ ತೋರಿಸುವ ಅಭ್ಯಾಸ ಅಲ್ಲಿ ಬೆಳೆಯಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನುವುದಕ್ಕೇ ಈ ಬರಹ.

ನೆಲ ಮತ್ತು ನೀರು

ನೌರು ಭೂಮಧ್ಯರೇಖೆಯಿಂದ ಐವತ್ತು ಕಿಲೋಮೀಟರಿನಷ್ಟು ದಕ್ಷಿಣಕ್ಕಿದೆ. ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 12 ಸಾವಿರ. ಪ್ರಪಂಚದ ಅತಿ ಚಿಕ್ಕ ಗಣರಾಜ್ಯ ಇದೇ. ಅಕ್ಕಪಕ್ಕದಲ್ಲಿ ಯಾವ ನೆಲವೂ ಇಲ್ಲ. ತೀರಾ ಹತ್ತಿರ ಎಂದರೆ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದ ಬನಾಬಾ, ಅದೂ ಈಗ ಕಿರಿಬಾಟಿ ದೇಶದ ಭಾಗ. ದ್ವೀಪದ ಸುತ್ತ ಒಂದು ರಸ್ತೆ ಇದೆ, ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ವಾಹನದಲ್ಲಿ ಹೊರಟರೆ ಅರ್ಧ ಗಂಟೆಯಲ್ಲಿ ಹೊರಟ ಜಾಗಕ್ಕೇ ವಾಪಸ್.

ಅಧಿಕೃತ ರಾಜಧಾನಿ ಇಲ್ಲ. ಸಂಸತ್ತು, ಸರ್ಕಾರಿ ಕಚೇರಿ, ವಿಮಾನ ನಿಲ್ದಾಣ ಎಲ್ಲವೂ ಯಾರೆನ್ ಎಂಬ ಜಿಲ್ಲೆಯಲ್ಲಿವೆ. ಒಟ್ಟು ಜಿಲ್ಲೆಗಳು 14.

ನೆಲದ ರಚನೆ ಅರ್ಥವಾದರೆ ಮುಂದಿನದು ಅರ್ಥವಾಗುತ್ತದೆ. ಇದು ಸಮುದ್ರದಿಂದ ಮೇಲಕ್ಕೆದ್ದ ಹವಳದ ದ್ವೀಪ. ಕಡಲ ಅಂಚಿನಲ್ಲಿ ನೂರೈವತ್ತು ಮುನ್ನೂರು ಮೀಟರ್ ಅಗಲದ ಫಲವತ್ತಾದ ಪಟ್ಟಿ. ತೆಂಗು, ಕೇದಗೆ ಜಾತಿಯ ಮರಗಳು, ಮನೆಗಳು ಎಲ್ಲ ಈ ಪಟ್ಟಿಯಲ್ಲೇ. ಒಳಗೆ ಹೋದಂತೆ ನೆಲ ಏರಿ ಪ್ರಸ್ಥಭೂಮಿ ಆಗುತ್ತದೆ. ಅದನ್ನು ಅಲ್ಲಿಯ ಜನ ಟಾಪ್‌ಸೈಡ್ ಎನ್ನುತ್ತಾರೆ. ಅತಿ ಎತ್ತರದ ಜಾಗವೂ ಸಮುದ್ರದಿಂದ ಎಪ್ಪತ್ತು ಮೀಟರ್ ಆಸುಪಾಸು ಅಷ್ಟೆ. ನದಿ ಇಲ್ಲ, ಹೊಳೆ ಇಲ್ಲ. ಒಳಗೆ ಬುವಾಡಾ ಎಂಬ ಒಂದು ಚಿಕ್ಕ ಕೊಳ ಇದೆ, ಅದರ ನೀರು ಉಪ್ಪುಪ್ಪು. ಕುಡಿಯಲು ಮಳೆ ನೀರು ಹಿಡಿಯಬೇಕು, ಇಲ್ಲವೇ ಸಮುದ್ರದ ನೀರಿನಿಂದ ಉಪ್ಪು ತೆಗೆಯಬೇಕು.

ಆ ಪ್ರಸ್ಥಭೂಮಿಯ ಹವಳದ ಕಲ್ಲುಗಂಬಗಳ ಸಂದಿಯಲ್ಲಿ ಸಾವಿರಾರು ವರ್ಷಗಳಿಂದ ಫಾಸ್ಫೇಟ್ ತುಂಬಿಕೊಂಡಿತ್ತು. ಪ್ರಪಂಚದಲ್ಲೇ ಅತಿ ಒಳ್ಳೆಯ ಗುಣಮಟ್ಟದ ಫಾಸ್ಫೇಟ್. ನಮ್ಮ ರೈತರಿಗೆ ಸೂಪರ್ ಫಾಸ್ಫೇಟ್ ಮೂಟೆ ಗೊತ್ತು. ಆ ಗೊಬ್ಬರ ತಯಾರಾಗುವುದು ಇಂಥ ಕಲ್ಲಿನಿಂದಲೇ.

ಜನ

ದ್ವೀಪದಲ್ಲಿ ಮೂಲವಾಗಿ 12 ಕುಲಗಳು. ರಾಷ್ಟ್ರಧ್ವಜದ ಬಿಳಿ ನಕ್ಷತ್ರಕ್ಕೆ 12 ಮೊನೆಗಳಿರುವುದು ಅದಕ್ಕೇ. ನೀಲಿ ಬಟ್ಟೆಯ ನಡುವಿನ ಹಳದಿ ಗೆರೆ ಭೂಮಧ್ಯರೇಖೆ, ಅದರ ಕೆಳಗೆ ನಕ್ಷತ್ರ. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟು ನೋಡಿದವರಿಗೆ ಕುಲ ತಾಯಿಯ ಕಡೆಯಿಂದ ಬರುವುದು ಹೊಸದೇನಲ್ಲ.

ಅವರು ಸಮುದ್ರದ ಮೀನುಮರಿ ಹಿಡಿದು ತಂದು ಬುವಾಡಾ ಕೊಳದಲ್ಲಿ ಸಾಕುತ್ತಿದ್ದರು. ನಮ್ಮ ಕರಾವಳಿಯವರು ಹೂಮೀನು ಎನ್ನುವ ಮೀನೇ ಅದು. ಫ್ರಿಗೇಟ್ ಎಂಬ ದೊಡ್ಡ ಕಡಲಹಕ್ಕಿಯನ್ನು ಹಿಡಿದು ಪಳಗಿಸುವುದು ಅವರ ಇನ್ನೊಂದು ಹಳೆಯ ವಿದ್ಯೆ. ಭೂಮಿ ಕುಟುಂಬಗಳ ಕೈಯಲ್ಲಿತ್ತು, ಇವತ್ತಿಗೂ ಹಾಗೇ ಇದೆ. ಸರ್ಕಾರಕ್ಕೆ ಜಾಗ ಬೇಕಾದರೆ ಅದು ಕುಟುಂಬಗಳಿಂದ ಗುತ್ತಿಗೆಗೆ ಪಡೆಯಬೇಕು.

1798ರಲ್ಲಿ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಜಾನ್ ಫರ್ನ್ ಈ ದ್ವೀಪ ಕಂಡು ಅದಕ್ಕೆ ‘ಹಿತವಾದ ದ್ವೀಪ’ ಎಂಬರ್ಥದ ಹೆಸರು ಕೊಟ್ಟ. ಆಮೇಲೆ ತಿಮಿಂಗಿಲ ಬೇಟೆಯ ಹಡಗುಗಳು ಬಂದವು. ಅವುಗಳ ಜೊತೆ ಬಂದೂಕೂ ಸಾರಾಯಿಯೂ ಬಂದವು. 1878ರಲ್ಲಿ ಕುಲಗಳ ನಡುವೆ ಶುರುವಾದ ಕಾದಾಟ ಹತ್ತು ವರ್ಷ ನಡೆಯಿತು. ಸುಮಾರು 1,400 ಇದ್ದ ಜನ 900ಕ್ಕೆ ಇಳಿದರು. 1888ರಲ್ಲಿ ಜರ್ಮನಿ ದ್ವೀಪವನ್ನು ತನ್ನದೆಂದು ಘೋಷಿಸಿ ಬಂದೂಕುಗಳನ್ನು ಕಿತ್ತುಕೊಂಡಿತು.

1920ರಲ್ಲಿ ಇನ್‌ಫ್ಲುಯೆಂಜಾ ಬಂದು ಐದರಲ್ಲಿ ಒಬ್ಬರಷ್ಟು ಜನ ಸತ್ತರು. ಒಂದು ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಜನ ಬೇಕು ಎಂಬ ಮಾತು ಆಗ ಹುಟ್ಟಿತು. 1932ರ ಅಕ್ಟೋಬರ್ 26ರಂದು ಆ ಸಂಖ್ಯೆ ಮುಟ್ಟಿಸಿದ ಮಗು ಹುಟ್ಟಿತು. ಆ ದಿನವನ್ನು ಅಂಗಾಮ್ ದಿನ ಎಂದು ಇಂದಿಗೂ ಆಚರಿಸುತ್ತಾರೆ. ಒಂದು ಮಗು ಹುಟ್ಟಿದ್ದಕ್ಕೆ ಇಡೀ ದೇಶಕ್ಕೆ ಹಬ್ಬ. ಈ ಜನ ಅಳಿವಿನ ಅಂಚನ್ನು ಎಷ್ಟು ಹತ್ತಿರದಿಂದ ಕಂಡಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಕಂಡದ್ದು ಅದೊಂದೇ ಸಲ ಅಲ್ಲ. 1942ರ ಆಗಸ್ಟಿನಲ್ಲಿ ಜಪಾನ್ ಸೈನ್ಯ ದ್ವೀಪ ಹಿಡಿಯಿತು. ಕುಷ್ಠರೋಗಿಗಳಾಗಿದ್ದ 39 ಜನರನ್ನು ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಮುಳುಗಿಸಿತು. 1,200 ನೌರು ಜನರನ್ನು ದೂರದ ಟ್ರುಕ್ ದ್ವೀಪಗಳಿಗೆ ಕೂಲಿಗೆ ಸಾಗಿಸಿತು. ಹಸಿವು, ರೋಗ, ಬಾಂಬ್ ದಾಳಿಯಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸತ್ತರು. ಬದುಕುಳಿದ 737 ಜನ 1946ರ ಜನವರಿ 31ರಂದು ಊರಿಗೆ ಮರಳಿದರು. ಅವರು ಸ್ವಾತಂತ್ರ್ಯಕ್ಕೆ ಆರಿಸಿಕೊಂಡದ್ದೂ ಅದೇ ತಾರೀಖು, 1968ರ ಜನವರಿ 31. ಮೊದಲ ಅಧ್ಯಕ್ಷ ಹ್ಯಾಮರ್ ಡಿರೋಬರ್ಟ್ ಸ್ವತಃ ಟ್ರುಕ್‌ನಿಂದ ಬದುಕಿ ಬಂದವರು.

ಬೇರೆಯವರು ಉಂಡ ಅರವತ್ತು ವರ್ಷ

ಸಿಡ್ನಿಯ ಒಂದು ಕಂಪನಿ ಕಚೇರಿಯಲ್ಲಿ ಬಾಗಿಲು ಮುಚ್ಚದಂತೆ ತಡೆಯಲು ಒಂದು ಕಲ್ಲು ಇಟ್ಟಿದ್ದರು. ನೌರುವಿನಿಂದ ತಂದದ್ದು. ಮರ ಕಲ್ಲಾಗಿದ್ದು ಎಂದುಕೊಂಡಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿ ಅದನ್ನು ಪರೀಕ್ಷೆ ಮಾಡಿದ. ಶುದ್ಧ ಫಾಸ್ಫೇಟ್! ಮುಂದೆ ಕೆಲವೇ ವರ್ಷಗಳಲ್ಲಿ ಗಣಿ ಶುರುವಾಯಿತು. ಭೂಮಾಲೀಕರಿಗೆ ಸಿಗುತ್ತಿದ್ದ ರಾಜಧನ ಟನ್ನಿಗೆ ಅರ್ಧ ಪೆನ್ನಿ.

1914ರಲ್ಲಿ ಆಸ್ಟ್ರೇಲಿಯಾ ಸೈನ್ಯ ಜರ್ಮನರಿಂದ ದ್ವೀಪ ಕಿತ್ತುಕೊಂಡಿತು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು ಅದಾದ ಐದು ವರ್ಷಕ್ಕೆ, 1919ರಲ್ಲಿ ಬಂತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಖಾಸಗಿ ಕಂಪನಿಯನ್ನು ಕೊಂಡು ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಕಟ್ಟಿದವು. ಬ್ರಿಟನ್ನಿಗೆ ನೂರಕ್ಕೆ 42, ಆಸ್ಟ್ರೇಲಿಯಾಕ್ಕೆ 42, ನ್ಯೂಜಿಲೆಂಡಿಗೆ 16 ಪಾಲು. ಸಂಸ್ಥೆಯ ನಿಯಮ ಏನೆಂದರೆ, ಕಲ್ಲನ್ನು ಲಾಭಕ್ಕೆ ಮಾರುವುದಲ್ಲ. ಖರ್ಚು ಹುಟ್ಟುವಷ್ಟು ಬೆಲೆಗೆ ಈ ಮೂರು ದೇಶಗಳ ರೈತರಿಗೆ ಒದಗಿಸುವುದು.

ಕೇಳಲು ಇದು ಒಳ್ಳೆಯ ನಿಯಮದಂತೆ ಇದೆ. ಲಾಭಕೋರತನ ಇಲ್ಲ ಅಲ್ವಾ? ಆದರೆ ಸ್ವಲ್ಪ ನಿಂತು ಯೋಚಿಸಿ. ಪ್ರಪಂಚದ ಮಾರುಕಟ್ಟೆಯಲ್ಲಿ ಸಿಗಬಹುದಾಗಿದ್ದ ಬೆಲೆಗೂ ಈ ಬೆಲೆಗೂ ಇರುವ ಅಂತರ ಯಾರ ಜೇಬಿನಿಂದ ಹೋಯಿತು? ನೌರುವಿನ ಜೇಬಿನಿಂದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಸಾರವಿಲ್ಲದ ಮಣ್ಣು ಹುಲ್ಲುಗಾವಲಾಗಿ, ಗೋಧಿ ಹೊಲವಾಗಿ ಮಾರ್ಪಟ್ಟಿತು. ಆ ಸಹಾಯಧನವನ್ನು ಕೊಟ್ಟವರು ಒಂದು ಸಣ್ಣ ದ್ವೀಪದ ಜನ, ಅದೂ ಅವರನ್ನು ಕೇಳದೆ. ಇದು ಯಾವ ಬಜೆಟ್ಟಿನಲ್ಲೂ ಸಹಾಯಧನ ಎಂದು ಕಾಣಿಸಿಕೊಳ್ಳಲಿಲ್ಲ. ಹಾಗಾಗಿ ಯಾರೂ ಇದನ್ನು ದುಂದು ಎನ್ನಲಿಲ್ಲ.

ಕೆಲಸಕ್ಕೆ ಬಂದವರು ಬಹುಪಾಲು ಚೀನಾದವರು ಮತ್ತು ಸುತ್ತಲಿನ ದ್ವೀಪಗಳವರು. ಸಂದಿಯ ಫಾಸ್ಫೇಟ್ ಬಾಚಿ ತೆಗೆದ ಮೇಲೆ ಉಳಿಯುವುದು ಎರಡಾಳು, ಕೆಲವು ಕಡೆ ಇನ್ನೂ ಜಾಸ್ತಿ ಎತ್ತರದ ಸುಣ್ಣಕಲ್ಲಿನ ಕಂಬಗಳು. ಮೇಲ್ಮಣ್ಣು ಹೋಗಿರುತ್ತದೆ. ಅಲ್ಲಿ ಮನೆ ಕಟ್ಟಲಾಗದು, ಬೆಳೆ ಬೆಳೆಯಲಾಗದು, ನಡೆದಾಡುವುದೂ ಕಷ್ಟ.

1960ರ ದಶಕದಲ್ಲಿ ಆಸ್ಟ್ರೇಲಿಯಾ ಒಂದು ಪರಿಹಾರ ಸೂಚಿಸಿತು. ಗಣಿ ಮುಗಿಯುವಷ್ಟರಲ್ಲಿ ದ್ವೀಪ ವಾಸಕ್ಕೆ ಯೋಗ್ಯವಾಗಿರುವುದಿಲ್ಲ, ಎಲ್ಲರೂ ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಬಂದು ನೆಲೆಸಿ, ಪೌರತ್ವ ಕೊಡುತ್ತೇವೆ ಎಂದಿತು. ಡಿರೋಬರ್ಟ್ ಮತ್ತು ಜೊತೆಯವರು ಒಪ್ಪಲಿಲ್ಲ. ಅಲ್ಲಿ ಮನೆ ಸಿಗುತ್ತಿತ್ತು, ಆದರೆ ತಮ್ಮನ್ನು ತಾವೇ ಆಳುವ ಹಕ್ಕು ಸಿಗುತ್ತಿರಲಿಲ್ಲ. 1964ರಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಇದು ದಿಟ್ಟ ನಿರ್ಧಾರ. ನೌರುವಿನ ಮುಂದಿನ ತಪ್ಪುಗಳನ್ನೆಲ್ಲ ಪಟ್ಟಿ ಮಾಡುವವರು ಅದರ ಪಕ್ಕದಲ್ಲಿ ಈ ದಿಟ್ಟತನವನ್ನೂ ಬರೆದಿಡಬೇಕು.

ಸ್ವಾತಂತ್ರ್ಯ ಬಂದಾಗ ದ್ವೀಪದ ಮೂರನೇ ಒಂದು ಭಾಗ ಆಗಲೇ ಅಗೆದು ಮುಗಿದಿತ್ತು. ಉಳಿದ ಗಣಿ, ಯಂತ್ರ, ಹಡಗಿಗೆ ತುಂಬುವ ತೋಳುಗಳು, ಇವಕ್ಕೆ 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ನೌರು ಜನ ತಮ್ಮದೇ ಕಲ್ಲನ್ನು ಬಿಡಿಸಿಕೊಂಡರು.

ಸಂಸತ್ತು

ರಾಜ್ಯಾಂಗದ ಪ್ರಕಾರ ಸಂಸತ್ತಿನ ಅವಧಿ ಮೂರು ವರ್ಷ. ಈಗ 19 ಸದಸ್ಯರು. ಅಧ್ಯಕ್ಷರನ್ನು ಆರಿಸುವುದು ಸಂಸತ್ತೇ. ಬಲವಾದ ಪಕ್ಷಗಳು ಅಂತ ಇಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿರುವ, ಬಹುತೇಕ ನೆಂಟರೇ ಆಗಿರುವ ಊರು ಅದು.

ಮತದಾನದ ಪದ್ಧತಿ ಬೇರೆಲ್ಲೂ ಇಲ್ಲದ್ದು. ಮತದಾರ ಎಲ್ಲ ಅಭ್ಯರ್ಥಿಗಳಿಗೂ ಕ್ರಮಸಂಖ್ಯೆ ಕೊಡಬೇಕು. ಮೊದಲನೆಯವರಿಗೆ ಒಂದು ಅಂಕ, ಎರಡನೆಯವರಿಗೆ ಅರ್ಧ, ಮೂರನೆಯವರಿಗೆ ಮೂರನೇ ಒಂದು, ಹೀಗೆ. 1971ರಲ್ಲಿ ಡೆಸ್ಮಂಡ್ ಡೌಡಾಲ್ ಎಂಬ ಅಧಿಕಾರಿ ರೂಪಿಸಿದ್ದು, ಅವರ ಹೆಸರೇ ಪದ್ಧತಿಗೆ ನಿಂತಿದೆ.

ಪಕ್ಷ ಇಲ್ಲದ್ದಕ್ಕೆ ಒಂದು ಬೆಲೆಯೂ ಇದೆ. ಒಬ್ಬಿಬ್ಬರು ಆಚೆ ಈಚೆ ಸರಿದರೆ ಸರ್ಕಾರ ಬೀಳುತ್ತದೆ. 1990ರ ದಶಕದ ಕೊನೆಯಿಂದ ಕೆಲವು ವರ್ಷ ಬರ್ನಾರ್ಡ್ ಡೊವಿಯೊಗೊ, ರೆನೆ ಹ್ಯಾರಿಸ್ ಮುಂತಾದವರ ನಡುವೆ ಕುರ್ಚಿ ಅವಿಶ್ವಾಸ ನಿರ್ಣಯಗಳಲ್ಲೇ ಓಡಾಡಿತು. ಬೊಕ್ಕಸ ಬರಿದಾಗುತ್ತಿದ್ದ ಹೊತ್ತೂ ಅದೇ.

ಸ್ವಂತದ ಕೈಯಲ್ಲಿ ಕುಡಿಕೆ

1970ರ ದಶಕದಲ್ಲಿ ನೌರು ತಲಾ ಆದಾಯದಲ್ಲಿ ಪ್ರಪಂಚದ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಆದಾಯ ತೆರಿಗೆ ಇಲ್ಲ. ಆಸ್ಪತ್ರೆ, ಶಾಲೆ ಉಚಿತ. ಗಣಿ ಒಂದಲ್ಲ ಒಂದು ದಿನ ಮುಗಿಯುತ್ತದೆ ಎಂಬುದು ನಾಯಕರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಫಾಸ್ಫೇಟ್ ಆದಾಯದ ಒಂದು ಪಾಲನ್ನು ಟ್ರಸ್ಟ್ ನಿಧಿಗೆ ಹಾಕುತ್ತ ಬಂದರು. ಏರಿದ್ದಾಗ ಆ ನಿಧಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು. ಹಾಗಾಗಿ ಮುಂದಾಲೋಚನೆ ಇರಲಿಲ್ಲ ಎಂದು ಸುಮ್ನೆ ಹೇಳುವುದು ತಪ್ಪು. ಇದ್ದದ್ದು ಮುಂದಾಲೋಚನೆ, ಇಲ್ಲದ್ದು ಕಾವಲು.

ಟ್ರಸ್ಟಿನ ಹಣ ಬೇರೆ ದೇಶಗಳ ಹೋಟೆಲು, ಕಟ್ಟಡಗಳಿಗೆ ಹೋಯಿತು. ಮೆಲ್ಬರ್ನ್‌ನಲ್ಲಿ 1977ರಲ್ಲಿ ಎದ್ದ 52 ಮಹಡಿಯ ನೌರು ಹೌಸ್ ಇವುಗಳಲ್ಲಿ ಹೆಸರಾದದ್ದು. ಏರ್ ನೌರು ಎಂಬ ವಿಮಾನ ಕಂಪನಿ ಹಲವು ಜೆಟ್‌ಗಳನ್ನು ಇಟ್ಟುಕೊಂಡು, ಅರ್ಧಕ್ಕರ್ಧ ಖಾಲಿ ಸೀಟಿನಲ್ಲಿ ಪೆಸಿಫಿಕ್ ತುಂಬ ಹಾರಿತು. ಹೊರಗಿನಿಂದ ಬಂದ ಸಲಹೆಗಾರರ ಮಾತು ನಂಬಿ ಮೋಸದ ಯೋಜನೆಗಳಿಗೂ ಹಣ ಕೊಟ್ಟರು. 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಬಂಡವಾಳ ಹಾಕಿದರು. ಅದು ಕೆಲವೇ ವಾರಗಳಲ್ಲಿ ನಿಂತುಹೋಯಿತು. ನಾಟಕದ ಕಥೆಯನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ, ಆದರೆ ನಿಧಿ ಕರಗಿದ್ದು ಒಂದು ನಾಟಕದಿಂದಲ್ಲ. ಆದಾಯ ಇಳಿದಾಗಲೂ ಸರ್ಕಾರದ ಖರ್ಚು ಇಳಿಯಲಿಲ್ಲ. ಆ ಕೊರತೆ ತುಂಬಲು ಆಸ್ತಿಗಳನ್ನು ಅಡವಿಟ್ಟು ಸಾಲ ತಂದರು. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದರು. 2004ರಲ್ಲಿ ಸಾಲ ಕೊಟ್ಟವರು ಬಂದು ಕೂತರು. ನೌರು ಹೌಸ್ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ಬೋಯಿಂಗ್ ವಿಮಾನವೂ ಸಾಲ ಕೊಟ್ಟವರ ಪಾಲಾಯಿತು. ದೇಶದ ಬ್ಯಾಂಕಿನಲ್ಲಿ ಜನ ಇಟ್ಟಿದ್ದ ಹಣ ಕೈಗೆ ಸಿಗದೆ ಹೋಯಿತು.

ಇಲ್ಲಿ ಪಕ್ಕದ ಕಿರಿಬಾಟಿಯನ್ನು ನೋಡಬೇಕು. ಬನಾಬಾ ದ್ವೀಪದ ಫಾಸ್ಫೇಟನ್ನು ತೆಗೆದದ್ದೂ ಅದೇ ಕಮಿಷನರ್‌ಗಳು. ಅಲ್ಲಿ 1956ರಲ್ಲಿ ಒಂದು ನಿಧಿ ಶುರುವಾಯಿತು. 1979ರಲ್ಲಿ ಗಣಿ ಮುಗಿಯಿತು, ಕಿರಿಬಾಟಿ ಸ್ವತಂತ್ರವೂ ಆಯಿತು. ಆ ನಿಧಿ ಇವತ್ತಿಗೂ ಇದೆ, ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿ ನಿಂತಿದೆ. ಬನಾಬಾ ಜನರಿಗೆ ಅದರಲ್ಲಿ ನ್ಯಾಯ ಸಿಗಲಿಲ್ಲ. ಅವರನ್ನು ಫಿಜಿಯ ರಬಿ ದ್ವೀಪಕ್ಕೆ ಸಾಗಿಸಿದ್ದರು. ಅದು ಇನ್ನೊಂದು ನೋವಿನ ಪ್ರಕರಣ. ಆದರೆ ನಿಧಿಯ ಮಟ್ಟಿಗೆ ವ್ಯತ್ಯಾಸ ಸರಳ. ಕಿರಿಬಾಟಿ ಹಣ ಹಾಕಿದ್ದು ಮುಖ್ಯವಾಗಿ ಷೇರು, ಬಾಂಡುಗಳಿಗೆ. ಅದನ್ನು ಅಡವಿಟ್ಟು ಸಾಲ ಮಾಡಲಿಲ್ಲ.

ಹೇಗ್‌ನಲ್ಲಿ ಒಂದು ಗೆಲುವು

ಈ ಕುಸಿತದ ನಡುವೆಯೇ ನೌರು ದೊಡ್ಡ ಕೆಲಸವೊಂದನ್ನು ಮಾಡಿತು. ಸ್ವಾತಂತ್ರ್ಯಕ್ಕೆ ಮುಂಚೆ ಅಗೆದು ಬಿಟ್ಟುಹೋದ ನೆಲವನ್ನು ಸರಿಪಡಿಸುವ ಹೊಣೆ ಯಾರದ್ದು? ಇದನ್ನು ವಿಚಾರಿಸಲು 1986ರಲ್ಲಿ ಆಯೋಗ ನೇಮಿಸಿತು. ಅದರ ಮುಖ್ಯಸ್ಥರು ಶ್ರೀಲಂಕಾದ ಹೆಸರಾಂತ ಕಾನೂನು ಪಂಡಿತ ಸಿ.ಜಿ. ವೀರಮಂತ್ರಿ. ಹೊಣೆ ಆಳಿದ ಮೂರೂ ದೇಶಗಳದ್ದು ಎಂದಿತು ಆಯೋಗ. 1989ರಲ್ಲಿ ನೌರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾ ವಿರುದ್ಧ ದಾವೆ ಹೂಡಿತು. ಮೊಕದ್ದಮೆ ನಡೆಯಲೇಬಾರದು ಎಂಬ ಆಸ್ಟ್ರೇಲಿಯಾದ ವಾದವನ್ನು ನ್ಯಾಯಾಲಯ 1992ರಲ್ಲಿ ಒಪ್ಪಲಿಲ್ಲ. ಮರುವರ್ಷ ಆಸ್ಟ್ರೇಲಿಯಾ ರಾಜಿಗೆ ಬಂತು. ಒಟ್ಟು 10.7 ಕೋಟಿ ಆಸ್ಟ್ರೇಲಿಯನ್ ಡಾಲರ್. ಸುಮಾರು ಅರ್ಧ ಬೇಗನೆ, ಉಳಿದದ್ದು 20 ವರ್ಷಗಳ ಕಂತಿನಲ್ಲಿ.

ಕೆಲವೇ ಸಾವಿರ ಜನರ ದೇಶವೊಂದು ತನ್ನನ್ನು ಆಳಿದವರನ್ನು ಕಟಕಟೆಗೆ ಎಳೆದು ಪರಿಹಾರ ಪಡೆದದ್ದು ಇದು. ಇದನ್ನು ಶಾಲೆಗಳಲ್ಲಿ ಹೇಳಿಕೊಡಬೇಕು ಎಂಬುದು ನನ್ನ ಅನಿಸಿಕೆ. ಆದರೆ ಹಣ ಬಂದಷ್ಟು ವೇಗದಲ್ಲಿ ನೆಲ ಸರಿಯಾಗಲಿಲ್ಲ. ಟಾಪ್‌ಸೈಡ್‌ನ ಬಹುಭಾಗ ಇವತ್ತಿಗೂ ಕಲ್ಲುಗಂಬಗಳ ಬಯಲೇ.

ಕಲ್ಲು ಮುಗಿದ ಮೇಲೆ

ಮಾರಲು ಕಲ್ಲಿಲ್ಲದ ದೇಶ ಇನ್ನೇನು ಮಾರಬಹುದು? ದೇಶವಾಗಿರುವುದರಿಂದಲೇ ಸಿಗುವ ಅಧಿಕಾರವನ್ನು.

ಮೊದಲು ಬ್ಯಾಂಕ್ ಪರವಾನಗಿ ಮಾರಿದರು. 1990ರ ದಶಕದಲ್ಲಿ ಕಟ್ಟಡ ಇಲ್ಲದ, ಕೇವಲ ಕಾಗದದ ಮೇಲಿನ ಸುಮಾರು 400 ಬ್ಯಾಂಕುಗಳು ನೌರುವಿನಲ್ಲಿ ನೋಂದಾಯಿಸಿಕೊಂಡವು. ರಷ್ಯಾದಿಂದ ಓಡಿದ ಹಣ ದೊಡ್ಡ ಪ್ರಮಾಣದಲ್ಲಿ ಇವುಗಳ ಮೂಲಕ ಹರಿಯಿತು. 2002ರಲ್ಲಿ ಅಮೆರಿಕ ನೌರುವನ್ನು ಕಪ್ಪುಹಣದ ಅಡ್ಡೆ ಎಂದು ಗುರುತಿಸಿದ ಮೇಲೆ ಆ ದಾರಿ ಮುಚ್ಚಿತು.

ರಾಜತಾಂತ್ರಿಕ ಮಾನ್ಯತೆಗೂ ಬೆಲೆ ಇತ್ತು. 2002ರಲ್ಲಿ ತೈವಾನ್ ಬಿಟ್ಟು ಚೀನಾ, 2005ರಲ್ಲಿ ಚೀನಾ ಬಿಟ್ಟು ತೈವಾನ್, 2024ರ ಜನವರಿಯಲ್ಲಿ ಮತ್ತೆ ಚೀನಾ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. 2001ರ ಆಗಸ್ಟಿನಲ್ಲಿ ಟಂಪಾ ಎಂಬ ಹಡಗು ಸಮುದ್ರದಲ್ಲಿ ಮುಳುಗುತ್ತಿದ್ದ 433 ಜನರನ್ನು ಕಾಪಾಡಿತು. ಆಶ್ರಯ ಕೇಳಿ ಹೊರಟಿದ್ದವರು, ಬಹುಪಾಲು ಅಫ್ಘಾನಿಸ್ತಾನದವರು. ಅವರನ್ನು ಆಸ್ಟ್ರೇಲಿಯಾ ಒಳಗೆ ಬಿಡಲಿಲ್ಲ. ನೌರುವಿಗೆ ಹಣದ ಭರವಸೆ ಕೊಟ್ಟು, ಅವರಲ್ಲಿ ಹೆಚ್ಚಿನವರನ್ನು ಅಲ್ಲಿ ಇರಿಸಿತು. ಶಿಬಿರ 2008ರಲ್ಲಿ ಮುಚ್ಚಿತು, 2012ರಲ್ಲಿ ಮತ್ತೆ ತೆರೆಯಿತು. ಮಕ್ಕಳೂ ವರ್ಷಗಟ್ಟಲೆ ಅಲ್ಲಿದ್ದರು. ತಮ್ಮನ್ನು ತಾವೇ ಗಾಯ ಮಾಡಿಕೊಂಡವರು, ಪ್ರಾಣ ಕಳೆದುಕೊಂಡವರು ಇದ್ದಾರೆ. ಹೊರಗಿನ ಪತ್ರಕರ್ತರು ಬರಬೇಕಾದರೆ ವೀಸಾ ಶುಲ್ಕ 2014ರಲ್ಲಿ 200ರಿಂದ 8,000 ಆಸ್ಟ್ರೇಲಿಯನ್ ಡಾಲರಿಗೆ ಏರಿತು. 2015ರಿಂದ ಸುಮಾರು ಮೂರು ವರ್ಷ ಫೇಸ್‌ಬುಕ್ ಕೂಡ ಬಂದ್.

ದೇಶದ ಆದಾಯದ ದೊಡ್ಡ ಪಾಲು ಈ ಶಿಬಿರದಿಂದ ಬಂತು. ಟ್ರುಕ್‌ನಲ್ಲಿ ಬಂದಿಗಳಾಗಿ ನರಳಿದವರ ಮೊಮ್ಮಕ್ಕಳು ಬೇರೆಯವರನ್ನು ಕೂಡಿಹಾಕುವ ಕೆಲಸಕ್ಕೆ ಇಳಿಯಬೇಕಾಯಿತು. ಇದಕ್ಕೆ ನೌರುವನ್ನು ಮಾತ್ರ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಈ ಏರ್ಪಾಟು ಬೇಕಾಗಿದ್ದದ್ದು ಆಸ್ಟ್ರೇಲಿಯಾಕ್ಕೆ. 2024ರ ಡಿಸೆಂಬರಿನಲ್ಲಿ ಎರಡೂ ದೇಶಗಳ ನಡುವೆ ಹೊಸ ಒಪ್ಪಂದವಾಯಿತು. ಐದು ವರ್ಷಕ್ಕೆ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ಬಜೆಟ್ ನೆರವು ನೌರುವಿಗೆ. ಬದಲಿಗೆ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕದ ವಿಷಯಗಳಲ್ಲಿ ಆಸ್ಟ್ರೇಲಿಯಾದ ಮಾತಿಗೆ ತೂಕ.

ಸಮುದ್ರ ಕೊಡುವುದು

ಒಳ್ಳೆಯ ಸುದ್ದಿಯೂ ಇದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ನೆಲ 21 ಚದರ ಕಿಲೋಮೀಟರ್ ಆದರೂ ನೌರುವಿನ ಪಾಲಿನ ಸಮುದ್ರ 3 ಲಕ್ಷ ಚದರ ಕಿಲೋಮೀಟರ್ ದಾಟುತ್ತದೆ. ಟ್ಯೂನಾ ಮೀನು ಹೇರಳ. ಮೊದಲು ದೂರದ ದೇಶಗಳ ಹಡಗುಗಳು ಒಂದೊಂದು ದ್ವೀಪದ ಜೊತೆ ಪ್ರತ್ಯೇಕವಾಗಿ ಚೌಕಾಸಿ ಮಾಡಿ ಕಡಿಮೆ ದುಡ್ಡಿಗೆ ಹಿಡಿದುಕೊಂಡು ಹೋಗುತ್ತಿದ್ದವು. 1982ರಲ್ಲಿ ಇಂಥ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದಕ್ಕೆ ನೌರು ಒಪ್ಪಂದ ಎಂದೇ ಹೆಸರು. ಈಗ ಎಂಟು ದೇಶಗಳು ಅದರಲ್ಲಿವೆ. ವರ್ಷಕ್ಕೆ ಒಟ್ಟು ಎಷ್ಟು ದಿನ ಮೀನು ಹಿಡಿಯಬಹುದು ಎಂದು ಮೊದಲೇ ನಿಗದಿ ಮಾಡಿ, ಆ ದಿನಗಳನ್ನು ಹಂಚಿಕೊಂಡು ಮಾರುತ್ತಾರೆ. ಒಂದು ದಿನಕ್ಕೆ ಒಂದು ಹಡಗು ಕೊಡಬೇಕಾದ ಕನಿಷ್ಠ ದರ 8,000 ಅಮೆರಿಕನ್ ಡಾಲರ್. ಮೀನೂ ಉಳಿಯುತ್ತದೆ, ದರವೂ ಬೀಳುವುದಿಲ್ಲ. 1919ರಲ್ಲಿ ಮೂರು ದೊಡ್ಡ ದೇಶಗಳು ಒಟ್ಟಾಗಿ ಬೆಲೆ ತಗ್ಗಿಸಿದ್ದವು. ಈಗ ಎಂಟು ಚಿಕ್ಕ ದೇಶಗಳು ಒಟ್ಟಾಗಿ ಬೆಲೆ ಏರಿಸಿವೆ.

ಜನರ ಆರೋಗ್ಯ ಮಾತ್ರ ಇನ್ನೂ ಚಿಂತೆಯ ವಿಷಯ. ಬೆಳೆಯುವ ನೆಲ ಹೋದ ಮೇಲೆ ಅಕ್ಕಿ, ಡಬ್ಬಿ ಮಾಂಸ, ಸಕ್ಕರೆ ಎಲ್ಲವೂ ಹಡಗಿನಲ್ಲೇ ಬರಬೇಕು. ಬೊಜ್ಜು, ಸಕ್ಕರೆ ಕಾಯಿಲೆಯಲ್ಲಿ ನೌರು ಪ್ರಪಂಚದಲ್ಲೇ ಮುಂದಿನ ಸಾಲಿನಲ್ಲಿದೆ. ಇದನ್ನು ಜನರ ಬಾಯಿಚಪಲ ಎನ್ನುವವರು ಒಮ್ಮೆ ಟಾಪ್‌ಸೈಡ್‌ನ ಚಿತ್ರ ನೋಡಲಿ.

ಕಡಲು ಏರುತ್ತಿದೆ, ಜನ ಇರುವುದು ಅಂಚಿನಲ್ಲೇ. ಅದಕ್ಕೆ ಅಗೆದುಬಿಟ್ಟ ಎತ್ತರದ ನೆಲವನ್ನು ಸಮ ಮಾಡಿ ಊರುಗಳನ್ನು ಅಲ್ಲಿಗೆ ಏರಿಸುವ ಯೋಜನೆ ಹಾಕಿದ್ದಾರೆ. ಹಣಕ್ಕಾಗಿ 2025ರಲ್ಲಿ ಪೌರತ್ವ ಮಾರಾಟ ಶುರು ಮಾಡಿದರು, ಕನಿಷ್ಠ 1,05,000 ಅಮೆರಿಕನ್ ಡಾಲರಿಗೆ. ಇನ್ನೊಂದು ಕಡೆ ಪೆಸಿಫಿಕ್‌ನ ಆಳದಲ್ಲಿರುವ ಲೋಹದ ಗಂಟುಗಳನ್ನು ಎತ್ತಲು ಹೊರಟ ವಿದೇಶಿ ಕಂಪನಿಯ ಬೆನ್ನಿಗೆ ನೌರು ನಿಂತಿದೆ. ಮತ್ತೆ ಗಣಿ, ಮತ್ತೆ ಹೊರಗಿನ ಕಂಪನಿ. ನನಗೆ ಇದು ಆತಂಕ ತರುತ್ತದೆ.

ಸಮಾಧಾನ ಕೊಡುವುದು 2015ರಲ್ಲಿ ಕಟ್ಟಿದ ಹೊಸ ಟ್ರಸ್ಟ್ ನಿಧಿ. ಇದರಲ್ಲಿ ನೌರು ಒಂದೇ ಇಲ್ಲ, ಹಣ ಹಾಕಿದ ಇತರ ದೇಶಗಳೂ ಏಷ್ಯನ್ ಅಭಿವೃದ್ಧಿ ಬ್ಯಾಂಕೂ ಉಸ್ತುವಾರಿಯಲ್ಲಿವೆ. ಲೆಕ್ಕ ಹೊರಗಿನವರಿಂದ ಪರಿಶೋಧನೆ ಆಗುತ್ತದೆ. 2033ರವರೆಗೆ ಒಂದು ಡಾಲರನ್ನೂ ತೆಗೆಯುವಂತಿಲ್ಲ. ಮೊದಲ ನಿಧಿಯಲ್ಲಿ ಇಲ್ಲದಿದ್ದ ಕಾವಲು ಇದಕ್ಕಿದೆ. ಆದರೆ ಮೀನಿನ ಹಣ, ಶಿಬಿರದ ಹಣ, ಪೌರತ್ವದ ಹಣ ನೇರವಾಗಿ ಬರುವುದು ಈ ನಿಧಿಗಲ್ಲ, ಸರ್ಕಾರದ ಬೊಕ್ಕಸಕ್ಕೆ. ಅದರಲ್ಲಿ ಎಷ್ಟು ಉಳಿತಾಯಕ್ಕೆ ಹೋಗಬೇಕು ಎಂಬುದನ್ನು ಯಾರೆನ್‌ನಲ್ಲಿ ಕೂರುವ ಆ 19 ಜನ ವರ್ಷವರ್ಷವೂ ತೀರ್ಮಾನಿಸಬೇಕು.